ಮುಂದೆ ಸ್ಕೇಟರ್ ಹೋಗುತ್ತಿದ್ದರೆ ಸೈಕಲ್ ಸವಾರರು ತಿಳಿದಿರಬೇಕಾದ್ದು

2025ರ ಸೆಪ್ಟೆಂಬರ್‌ನಲ್ಲಿ ಚೀನಾದ ಬೈದೈಹೆಯಲ್ಲಿ ನಡೆದ ಸ್ಪೀಡ್ ಸ್ಕೇಟಿಂಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ತಮಿಳುನಾಡಿನ ಆನಂದಕುಮಾರ್ ವೇಲ್ಕುಮಾರ್ 1000 ಮೀಟರ್ ಸ್ಪ್ರಿಂಟ್ ಗೆದ್ದರು. ಹಿರಿಯರ ವಿಭಾಗದಲ್ಲಿ ಭಾರತಕ್ಕೆ ಸಿಕ್ಕ ಮೊದಲ ವಿಶ್ವ ಪಟ್ಟ ಅದು. ಅದೇ ಕೂಟದ 42 ಕಿ.ಮೀ. ಮ್ಯಾರಥಾನ್‌ನಲ್ಲೂ ಅವರಿಗೇ ಚಿನ್ನ ಬಂತು. ಸ್ಕೇಟಿಂಗ್ ಎಂದರೆ ರಜೆಯಲ್ಲಿ ಮಕ್ಕಳು ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಂಡು ರಿಂಕ್‌ನೊಳಗೆ ಸುತ್ತುವ ಆಟ ಎಂದುಕೊಂಡಿದ್ದವರಿಗೆ ಈ ಎರಡನೆಯ ಚಿನ್ನ ಹೊಸ ಸಂಗತಿಯೊಂದನ್ನು ತೋರಿಸಿತು. ಮ್ಯಾರಥಾನ್ ನಡೆಯುವುದು ರಸ್ತೆಯ ಮೇಲೆ, ಸೈಕಲ್ ರೇಸಿನ ವೇಗದಲ್ಲಿ.

ಹೊರದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಹೊಸತಲ್ಲ. ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ ಡಬ್ಲ್ಯು ಆ್ಯಂಡ್ ಓಡಿ ಎಂಬ ಟ್ರೇಲ್ ಇದೆ. ಹಳೆಯ ರೈಲು ಮಾರ್ಗದ ಮೇಲೆ ಡಾಂಬರು ಹಾಕಿ ಮಾಡಿದ 72 ಕಿ.ಮೀ. ಉದ್ದದ ದಾರಿ ಅದು. ನಮ್ಮವರು ಸಾಕಷ್ಟು ಮಂದಿ ಇರುವ ಹರ್ಂಡನ್, ಆಶ್‌ಬರ್ನ್ ಊರುಗಳನ್ನು ಹಾದುಹೋಗುತ್ತದೆ. ವಾಹನಗಳ ಕಾಟವಿಲ್ಲ ಎಂದು ಶನಿವಾರ ಬೆಳಿಗ್ಗೆ ಸೈಕಲ್ ಹತ್ತಿ ಹೊರಟರೆ, ಅಲ್ಲಿ ನಡೆಯುವವರು, ಓಡುವವರು, ನಾಯಿ ಹಿಡಿದವರ ನಡುವೆ ಒಬ್ಬ ಸ್ಕೇಟರ್ ಸಿಗುತ್ತಾನೆ: ಸೊಂಟ ಬಗ್ಗಿಸಿ, ಒಂದು ಕೈ ಬೆನ್ನಿಗಿಟ್ಟು, ನಿಮ್ಮಷ್ಟೇ ವೇಗದಲ್ಲಿ. ಅವನನ್ನು ನಡೆಯುವವನೆಂದು ಲೆಕ್ಕ ಹಾಕಬೇಕೋ, ಇನ್ನೊಬ್ಬ ಸೈಕಲ್ ಸವಾರನೆಂದೋ? ಎರಡೂ ಲೆಕ್ಕ ತಪ್ಪುತ್ತದೆ. ಯಾಕೆಂದು ತಿಳಿಯಲು ಆ ಕಾಲಿನ ಕೆಳಗೆ ಏನಿದೆ ಎಂಬಲ್ಲಿಂದಲೇ ಶುರುಮಾಡಬೇಕು.

## ಕಾಲಿನ ಕೆಳಗೆ ಏನಿದೆ

ಮುಂದೆರಡು ಹಿಂದೆರಡು ಚಕ್ರವಿರುವ ಹಳೆಯ ಸ್ಕೇಟ್ ನಮ್ಮೂರ ಮಕ್ಕಳಿಗೆ ಚೆನ್ನಾಗಿ ಗೊತ್ತು; ಅದನ್ನು ಕ್ವಾಡ್ ಎನ್ನುತ್ತಾರೆ. ಇನ್‌ಲೈನ್ ಸ್ಕೇಟ್‌ನಲ್ಲಿ ಚಕ್ರಗಳು ಒಂದರ ಹಿಂದೆ ಒಂದು, ಒಂದೇ ಸಾಲಿನಲ್ಲಿರುತ್ತವೆ. ಮಂಜಿನ ಮೇಲೆ ಜಾರುವ ಸ್ಕೇಟ್‌ನ ಅಲಗಿನ ಜಾಗಕ್ಕೆ ಚಕ್ರದ ಸಾಲು ಬಂದಿದೆ ಎಂದರೂ ಸರಿಯೇ. ಇತಿಹಾಸವೂ ಹಾಗೇ ಇದೆ. 1980ರ ಸುಮಾರಿಗೆ ಅಮೆರಿಕದ ಮಿನೆಸೋಟಾದಲ್ಲಿ ಓಲ್ಸನ್ ಸಹೋದರರು ಇದನ್ನು ಮಾರುಕಟ್ಟೆಗೆ ತಂದದ್ದು, ಬೇಸಿಗೆಯಲ್ಲಿ ಮಂಜು ಸಿಗದ ಐಸ್ ಹಾಕಿ ಆಟಗಾರರ ಅಭ್ಯಾಸಕ್ಕಾಗಿ. ಅವರ ರೋಲರ್‌ಬ್ಲೇಡ್ ಕಂಪನಿಯ ಹೆಸರೇ ಮುಂದೆ ಎಷ್ಟೋ ದೇಶಗಳಲ್ಲಿ ಈ ವಸ್ತುವಿಗೆ ಅಂಟಿಕೊಂಡಿತು.

ಹವ್ಯಾಸಕ್ಕೆಂದು ಕೊಳ್ಳುವ ಸ್ಕೇಟ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಚಕ್ರ, ಒಂದೊಂದರ ಅಡ್ಡಳತೆ ಸುಮಾರು 80 ಮಿ.ಮೀ. ರೇಸಿನವರದು 110 ಮಿ.ಮೀ. ಚಕ್ರ ನಾಲ್ಕು, ಇಲ್ಲವೇ 125 ಮಿ.ಮೀ. ಚಕ್ರ ಮೂರು. ಚಕ್ರ ದೊಡ್ಡದಾದಷ್ಟೂ ರಸ್ತೆಯ ತರಿ ಕಾಲಿಗೆ ತಟ್ಟುವುದು ಕಡಿಮೆ, ಹಿಡಿದ ವೇಗ ಉಳಿಯುವುದು ಹೆಚ್ಚು. ದೂರದಿಂದಲೇ ಗುರುತಿಸಲು ಇದು ಸುಲಭದ ಕುರುಹು: ದೊಡ್ಡ ಚಕ್ರ, ಕಣಕಾಲಿಗಿಂತ ಕೆಳಗೇ ಮುಗಿಯುವ ಗಿಡ್ಡ ಬೂಟು ಕಂಡರೆ ಮುಂದಿರುವವನು ಪಳಗಿದವನು ಎಂದುಕೊಳ್ಳಬಹುದು. ಬರ್ಲಿನ್ ಮ್ಯಾರಥಾನ್‌ನ ಸ್ಕೇಟಿಂಗ್ ವಿಭಾಗದಲ್ಲಿ ಮುಂಚೂಣಿಯ ಪುರುಷರು 42.195 ಕಿ.ಮೀ. ದೂರವನ್ನು ಒಂದು ಗಂಟೆಯೊಳಗೆ ಮುಗಿಸುತ್ತಾರೆ. ಅಲ್ಲಿ ಮತ್ತೆ ಮತ್ತೆ ಗೆದ್ದಿರುವ ಬೆಲ್ಜಿಯಂನ ಬಾರ್ಟ್ ಸ್ವಿಂಗ್ಸ್ 2022ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮಂಜಿನ ಮೇಲೂ ಚಿನ್ನ ಗೆದ್ದವರು. ಟ್ರೇಲ್‌ನಲ್ಲಿ ಸಿಗುವವರು ಅಷ್ಟು ವೇಗದವರಲ್ಲ. ಆದರೂ ಅಭ್ಯಾಸವಿರುವ ಸ್ಕೇಟರ್ ಗಂಟೆಗೆ 25 ಕಿ.ಮೀ. ವೇಗವನ್ನು ಹೆಚ್ಚು ದಣಿಯದೆ ಕಾಯ್ದುಕೊಳ್ಳುತ್ತಾನೆ. ಆರಾಮವಾಗಿ ತುಳಿಯುವ ಸೈಕಲ್ಲಿನ ವೇಗವೂ ಅದಕ್ಕಿಂತ ಹೆಚ್ಚಿರುವುದಿಲ್ಲ.

## ಒಂದು ತಳ್ಳಿನಲ್ಲಿ ನಡೆಯುವುದೇನು

ನಡೆಯುವವನು ನೆಲವನ್ನು ಹಿಂದಕ್ಕೆ ತಳ್ಳಿ ಮುಂದೆ ಹೋಗುತ್ತಾನೆ. ಸ್ಕೇಟರ್‌ಗೆ ಅದು ಸಾಧ್ಯವಿಲ್ಲ. ಚಕ್ರ ಉರುಳುವ ದಿಕ್ಕಿಗೇ ತಳ್ಳಿದರೆ ಅದು ಉರುಳಿಹೋಗುತ್ತದೆಯೇ ಹೊರತು ಒತ್ತಿಕೊಳ್ಳಲು ಹಿಡಿತ ಸಿಗುವುದಿಲ್ಲ. ಚಕ್ರ ಉರುಳಲಾರದ ದಿಕ್ಕು ಒಂದೇ, ಅಡ್ಡ ದಿಕ್ಕು. ಹಾಗಾಗಿ ಸ್ಕೇಟರ್ ಕಾಲನ್ನು ಪಕ್ಕಕ್ಕೆ ತಳ್ಳುತ್ತಾನೆ. ಸೈಕಲ್ ಸವಾರರು ಎದುರಿಸುವ ಹೆಚ್ಚಿನ ಗೊಂದಲಗಳ ಬೇರು ಇಲ್ಲಿದೆ.

ಹಿಂದಿನಿಂದ ನೋಡುತ್ತಾ ಹೋಗಿ. ಬಲಗಾಲು ದೇಹದ ಕೆಳಗಿನಿಂದ ಹೊರಟು ಬಲಕ್ಕೆ, ತುಸು ಹಿಂದಕ್ಕೆ ಉದ್ದವಾಗಿ ಚಾಚುತ್ತದೆ. ಆ ಹೊತ್ತಿಗೆ ಇಡೀ ಮೈಭಾರ ಎಡಗಾಲಿನ ಮೇಲೆ ಬಂದಿರುತ್ತದೆ. ಆ ಎಡಗಾಲು ನೇರವಾಗಿ ಹೋಗದೆ ಸ್ವಲ್ಪ ಎಡಕ್ಕೆ ಓರೆಯಾಗಿ ಜಾರುತ್ತಿರುತ್ತದೆ. ಬಲಗಾಲು ನೆಲ ಬಿಟ್ಟು ಎದ್ದು, ಹಿಂದಿನಿಂದ ಸುತ್ತಿಕೊಂಡು ಬಂದು, ಎಡಗಾಲಿನ ಪಕ್ಕದಲ್ಲಿ ಇಳಿಯುತ್ತದೆ. ಇಳಿದ ಮರುಕ್ಷಣವೇ ಎಡಗಾಲಿನ ಸರದಿ. ಹೀಗೆ ದೇಹ ದಾರಿಯುದ್ದಕ್ಕೂ ಎಡ, ಬಲ ಎಂದು ಹಾವಿನ ಹಾಗೆ ಬಳುಕುತ್ತಾ ಸಾಗುತ್ತದೆ. ವೇಗ ಹೆಚ್ಚಿಸುವಾಗ ಕೈಗಳೂ ಬೀಸುತ್ತವೆ.

ರೇಸಿನವರಲ್ಲಿ ಈ ಬಳುಕು ಇನ್ನೂ ಹೆಚ್ಚು. ಡಬಲ್ ಪುಶ್ ಎಂಬ ವಿಧಾನದಲ್ಲಿ ನೆಲಕ್ಕಿಳಿದ ಕಾಲು ಮೊದಲು ಒಳಗಡೆಗೆ, ದೇಹದ ಅಡಿಗೆ ಒಂದು ಸಲ ಒತ್ತಿ, ಆಮೇಲೆ ಹೊರಗಡೆಗೆ ತಳ್ಳುತ್ತದೆ. 1990ರ ದಶಕದಲ್ಲಿ ಅಮೆರಿಕದ ಚಾಡ್ ಹೆಡ್ರಿಕ್ ಇದನ್ನು ಜನಪ್ರಿಯಗೊಳಿಸಿದರು. ಹಿಂದಿನಿಂದ ನೋಡುವವರಿಗೆ ಸ್ಕೇಟರ್ ಯಾವ ಕಡೆ ಹೋಗಲು ಹೊರಟಿದ್ದಾನೆ ಎಂದೇ ಅರ್ಥವಾಗದಂತೆ ಕಾಣುವುದು ಇದರಿಂದ. ಆದರೆ ಎರಡು ಮೂರು ಸುತ್ತು ಗಮನವಿಟ್ಟು ನೋಡಿದರೆ ಅದರ ಲಯ ಕಣ್ಣಿಗೆ ಕೂರುತ್ತದೆ.

ಸೈಕಲ್ಲಿನ ಕ್ಯಾರಿಯರ್ ಮೇಲೆ ಅಡ್ಡಲಾಗಿ ಬಿದಿರು ಗಳ ಕಟ್ಟಿಕೊಂಡು ಹೋಗುವವನನ್ನು ದಾಟುವಾಗ ಸವಾರನ ಅಗಲ ನೋಡದೆ ಗಳದ ಅಗಲವನ್ನೇ ನೋಡುತ್ತೇವಲ್ಲ, ಸ್ಕೇಟರನ್ನೂ ಹಾಗೆಯೇ ಅಳೆಯಬೇಕು. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಗಳ ಒಮ್ಮೆ ಎಡಕ್ಕೆ ಬರುತ್ತದೆ, ಒಮ್ಮೆ ಬಲಕ್ಕೆ.

## ದಾರಿಯ ಅಗಲದ ಲೆಕ್ಕ

ಅಮೆರಿಕದ ಹೆದ್ದಾರಿ ಆಡಳಿತ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಟ್ರೇಲ್ ಬಳಸುವ ಬೇರೆ ಬೇರೆ ಜನರನ್ನು ಅಳೆದು ನೋಡಿದರು. ಚಲಿಸುವಾಗ ಇನ್‌ಲೈನ್ ಸ್ಕೇಟರ್ ಬಳಸುವ ಅಗಲ ಸುಮಾರು 1.5 ಮೀಟರ್ ಎಂದು ಕಂಡುಬಂತು. ಸೈಕಲ್ಲಿಗೆಂದು ಅಲ್ಲಿನ ವಿನ್ಯಾಸಕಾರರು ಹಿಡಿಯುವ ಲೆಕ್ಕ 1.2 ಮೀಟರ್. ಎರಡೂ ದಿಕ್ಕಿಗೆ ಜನ ಓಡಾಡುವ ಟ್ರೇಲ್‌ಗೆ ಅಲ್ಲಿ ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಗಲ 10 ಅಡಿ, ಅಂದರೆ 3 ಮೀಟರ್.

ಈ ಮೂರು ಅಂಕಿಗಳನ್ನು ಒಟ್ಟಿಗಿಟ್ಟು ನೋಡಿ. 3 ಮೀಟರ್ ದಾರಿಯಲ್ಲಿ ನಿಮ್ಮ ದಿಕ್ಕಿನ ಪಾಲು 1.5 ಮೀಟರ್. ಪೂರ್ತಿ ತಳ್ಳುತ್ತಾ ಹೋಗುವ ಸ್ಕೇಟರ್ ಆ ಪಾಲನ್ನು ಪೂರ್ತಿ ತುಂಬುತ್ತಾನೆ. ಅವನು ಬೇಕೆಂದು ದಾರಿ ಅಡ್ಡಗಟ್ಟಿದ್ದಲ್ಲ, ಉಳಿದ ಜಾಗ ಕೊಡದ ಉದ್ಧಟತನವೂ ಅಲ್ಲ. ಅವನ ಚಲನೆಗೆ ಬೇಕಾದ ಕನಿಷ್ಠ ಜಾಗವೇ ಅಷ್ಟು. ಹಾಗಾಗಿ ಅವನು ತಳ್ಳುತ್ತಿರುವಾಗ ದಾಟಬೇಕೆಂದರೆ ಎದುರು ದಿಕ್ಕಿನ ಪಾಲು ಪೂರ್ತಿ ಖಾಲಿ ಇರಬೇಕು. ಎದುರಿನಿಂದ ಮಗುವಿನ ಗಾಡಿ ತಳ್ಳಿಕೊಂಡು ಬರುತ್ತಿರುವ ತಾಯಿ ಇದ್ದರೆ, ಕಾಯುವುದೊಂದೇ ದಾರಿ.

ಆದರೆ ಈ ಅಗಲ ಕುಗ್ಗಿಸಬಹುದಾದದ್ದು. ಇದು ಬಹಳ ಸೈಕಲ್ ಸವಾರರಿಗೆ ತಿಳಿಯದ ಸಂಗತಿ, ಈ ಲೇಖನದಿಂದ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಎನ್ನುತ್ತೇನೆ. ತಳ್ಳುವುದನ್ನು ನಿಲ್ಲಿಸಿ, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟುಕೊಂಡು ಸುಮ್ಮನೆ ಜಾರಿದರೆ ಸ್ಕೇಟರ್ ಭುಜದಷ್ಟೇ ಅಗಲವಾಗುತ್ತಾನೆ, ಬಹಳಷ್ಟು ಸೈಕಲ್ ಹ್ಯಾಂಡಲ್‌ಗಳಿಗಿಂತ ಕಿರಿದು. ಅದಕ್ಕೆ ಅವನಿಗೆ ಬೇಕಾಗಿರುವುದು ಸಮಯ ಮಾತ್ರ.

## ಬೆಲ್ ಯಾವಾಗ ಹೊಡೆಯಬೇಕು

ಪಕ್ಕಕ್ಕೆ ಬಂದ ಮೇಲೆ ಬೆಲ್ ಹೊಡೆದರೆ ಪ್ರಯೋಜನವಿಲ್ಲ. ಆ ಕ್ಷಣಕ್ಕೆ ಸ್ಕೇಟರ್‌ನ ಒಂದು ಕಾಲು ಹೊರಗೆ ಚಾಚಿದ್ದರೆ, ಭಾರವೆಲ್ಲ ಇನ್ನೊಂದು ಕಾಲಿನ ಚಕ್ರದ ಅಂಚಿನ ಮೇಲಿರುತ್ತದೆ. ಅರ್ಧ ತಳ್ಳಿನಲ್ಲಿ ದಿಕ್ಕು ಬದಲಿಸಲು ಆಗುವುದಿಲ್ಲ. ಚಾಚಿದ ಕಾಲು ಮರಳಿ ದೇಹದ ಕೆಳಗೆ ಬರಬೇಕು, ಆಮೇಲಷ್ಟೇ ಮುಂದಿನ ಮಾತು. ಇದಕ್ಕೆ ಒಂದು ಸೆಕೆಂಡ್ ಬೇಕು. ಕೇಳಿಸಿಕೊಂಡು ಅರ್ಥಮಾಡಿಕೊಳ್ಳಲು ಇನ್ನೊಂದು.

ನೀವು ಗಂಟೆಗೆ 32 ಕಿ.ಮೀ., ಸ್ಕೇಟರ್ 24 ಕಿ.ಮೀ. ವೇಗದಲ್ಲಿದ್ದೀರಿ ಎಂದುಕೊಳ್ಳಿ. ವ್ಯತ್ಯಾಸ 8 ಕಿ.ಮೀ.; ಅಂದರೆ ಸೆಕೆಂಡಿಗೆ 2.2 ಮೀಟರ್‌ನಂತೆ ನೀವು ಅವನಿಗೆ ಹತ್ತಿರವಾಗುತ್ತಿದ್ದೀರಿ. 10 ಮೀಟರ್ ಹಿಂದಿರುವಾಗಲೇ ಬೆಲ್ ಹೊಡೆದರೆ ಅವನಿಗೆ ನಾಲ್ಕೂವರೆ ಸೆಕೆಂಡ್ ಸಿಗುತ್ತದೆ. ಕಾಲು ಒಳಗೆ ತಂದು, ಅಂಚಿಗೆ ಸರಿದು, ಜಾರತೊಡಗಲು ಅಷ್ಟು ಸಾಕು. ಅವನ ಕಾಲುಗಳು ಒಂದಾದದ್ದು ಕಂಡ ಮೇಲೆ ದಾಟಿ. ಬದಲಾಗದಿದ್ದರೆ ಕೇಳಿಸಿಲ್ಲ ಎಂದೇ ಅರ್ಥ, ಇನ್ನೊಮ್ಮೆ ಹೊಡೆಯಿರಿ. ಒರಟು ಡಾಂಬರಿನ ಮೇಲೆ ಚಕ್ರಗಳ ಗರಗರ ಶಬ್ದ ಸ್ಕೇಟರ್‌ನ ಕಿವಿ ತುಂಬಿರುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರಂತೂ ಎಲ್ಲ ಕಡೆ ಇದ್ದಾರೆ.

ಅಮೆರಿಕ, ಜರ್ಮನಿಯಂಥ ದೇಶಗಳಲ್ಲಿ ಬಲಗಡೆ ಹೋಗಿ ಎಡಗಡೆಯಿಂದ ದಾಟುವ ಕ್ರಮ. ಅಮೆರಿಕದ ಟ್ರೇಲ್‌ಗಳಲ್ಲಿ ದಾಟುವವರು ‘ಆನ್ ಯುವರ್ ಲೆಫ್ಟ್’ ಎಂದು ಕೂಗುತ್ತಾರೆ. ನಿಮ್ಮ ಎಡಗಡೆಯಿಂದ ಬರುತ್ತಿದ್ದೇನೆ ಎಂದು ಅದರ ಉದ್ದೇಶ. ಊರಿನಿಂದ ಮಗಳ ಮನೆಗೆ ಬಂದು ವಾಕಿಂಗ್ ಹೊರಟ ನಮ್ಮ ಹಿರಿಯರಿಗೆ ಇದನ್ನು ಮೊದಲ ದಿನವೇ ಹೇಳಿಕೊಡುವುದು ಒಳ್ಳೆಯದು. ಎಡಕ್ಕೆ ಸರಿಯಿರಿ ಎನ್ನುತ್ತಿದ್ದಾರೆ ಎಂದುಕೊಂಡು ಹುಟ್ಟಿನಿಂದ ಎಡಗಡೆ ನಡೆದು ರೂಢಿಯಾದವರು ಥಟ್ಟನೆ ಅದೇ ಕಡೆ ಸರಿದುಬಿಡುತ್ತಾರೆ.

ದಾಟಿದ ಮೇಲೆ ವೇಗ ಇಳಿಸಬೇಡಿ. ಏರಿನಲ್ಲಿ, ಇಳಿಜಾರಿನಲ್ಲಿ, ಸಮತಟ್ಟಿನಲ್ಲಿ ಸೈಕಲ್ಲಿನ ವೇಗವೂ ಸ್ಕೇಟ್‌ನ ವೇಗವೂ ಬೇರೆ ಬೇರೆ ರೀತಿಯಲ್ಲಿ ಏರಿಳಿಯುವುದರಿಂದ, ಒಮ್ಮೆ ನೀವು ಮುಂದೆ, ಇನ್ನೊಮ್ಮೆ ಅವನು ಮುಂದೆ ಎಂದು ಕಿಲೋಮೀಟರ್‌ಗಟ್ಟಲೆ ನಡೆಯುವುದುಂಟು. ಪ್ರತಿ ದಾಟುವಿಕೆಯೂ ಒಂದು ಅಪಾಯ. ಮುಂದೆ ಹೋಗಿ ನೀರು ಕುಡಿಯಲು ನಿಧಾನಿಸುವವರು ದಾಟದೇ ಇರುವುದೇ ಸರಿ.

## ನಿಲ್ಲುವುದು ಎಷ್ಟು ಕಷ್ಟ

ಸೈಕಲ್ಲಿನಲ್ಲಿ ಬೆರಳ ತುದಿಯಲ್ಲೇ ಎರಡು ಬ್ರೇಕ್. ಹವ್ಯಾಸಿಗಳ ಸ್ಕೇಟ್‌ನಲ್ಲಿ ಒಂದು ಕಾಲಿನ ಹಿಮ್ಮಡಿಗೆ ಹೆಬ್ಬೆರಳು ಗಾತ್ರದ ರಬ್ಬರ್ ತುಂಡು ಇರುತ್ತದೆ. ಆ ಕಾಲನ್ನು ಮುಂದೆ ಚಾಚಿ, ಬೆರಳುಗಳನ್ನು ಮೇಲೆತ್ತಿ, ರಬ್ಬರನ್ನು ನೆಲಕ್ಕೆ ಒತ್ತಬೇಕು. ರೇಸಿನ ಸ್ಕೇಟ್‌ನಲ್ಲಿ ಅದೂ ಇಲ್ಲ. ಹಿಂದಿನ ಕಾಲನ್ನು ಅಡ್ಡಡ್ಡ ಇಟ್ಟು ಚಕ್ರಗಳನ್ನು ನೆಲಕ್ಕೆ ಉಜ್ಜುತ್ತಾ ವೇಗ ಇಳಿಸುತ್ತಾರೆ. ಚಕ್ರ ಸವೆಯುತ್ತದೆ, ವೇಗ ಮಾತ್ರ ನಿಧಾನಕ್ಕೆ ಇಳಿಯುತ್ತದೆ.

ಅಂದಾಜಿಗೊಂದು ಲೆಕ್ಕ ಮಾಡೋಣ. ಇಬ್ಬರೂ ಗಂಟೆಗೆ 30 ಕಿ.ಮೀ., ಅಂದರೆ ಸೆಕೆಂಡಿಗೆ 8.3 ಮೀಟರ್ ವೇಗದಲ್ಲಿದ್ದಾರೆ. ಒಣ ರಸ್ತೆಯಲ್ಲಿ ಸೈಕಲ್ ಪ್ರತಿ ಸೆಕೆಂಡಿಗೆ 4 ಮೀಟರ್‌ನಷ್ಟು ವೇಗ ಕಳೆದುಕೊಳ್ಳುತ್ತದೆ, ಸ್ಕೇಟರ್ 1.5 ಮೀಟರ್‌ನಷ್ಟು ಎಂದಿಟ್ಟುಕೊಂಡರೆ, ಬ್ರೇಕ್ ಹಿಡಿದಲ್ಲಿಂದ ಸೈಕಲ್ 9 ಮೀಟರ್‌ನೊಳಗೆ ನಿಂತರೆ ಸ್ಕೇಟರ್‌ಗೆ ಸುಮಾರು 23 ಮೀಟರ್ ಬೇಕು. ಸ್ಕೇಟರ್‌ನ ಎದುರಿಗೆ ನುಗ್ಗಿ ಥಟ್ಟನೆ ನಿಲ್ಲುವ ಸೈಕಲ್ ಸವಾರ ಎಂಥ ಇಕ್ಕಟ್ಟಿಗೆ ಅವನನ್ನು ಸಿಕ್ಕಿಸುತ್ತಾನೆ ಎಂಬುದು ಇದರಿಂದ ತಿಳಿಯುತ್ತದೆ.

ಟ್ರೇಲ್ ರಸ್ತೆಯನ್ನು ದಾಟುವ ಕಡೆ ಸ್ಕೇಟರ್‌ಗಳು ಬಹಳ ಮೊದಲೇ ನಿಧಾನಿಸುವುದು, ಅಗಲದ ಜಾಗ ಸಿಕ್ಕರೆ ಅರ್ಧ ಸುತ್ತು ತಿರುಗಿ ವೇಗ ಕಳೆಯುವುದು, ತೀರಾ ಬೇರೆ ದಾರಿಯಿಲ್ಲದಾಗ ಪಕ್ಕದ ಹುಲ್ಲಿಗೆ ಓಡಿ ಇಳಿಯುವುದು ಇದೇ ಕಾರಣಕ್ಕೆ. ಹಿಂದಿರುವವರು ಅವಸರಪಟ್ಟು ಆ ಹುಲ್ಲಿನ ಬದಿಯಿಂದ ನುಸುಳಬಾರದು. ಇಳಿಜಾರಿನಲ್ಲಿ ಇನ್ನೂ ಎಚ್ಚರ ಬೇಕು: ಕಾಲು ಕೂಡಿಸಿ ತಗ್ಗಿ ಜಾರುವ ಸ್ಕೇಟರ್ ಕಿರಿದಾಗಿ, ನೆಟ್ಟಗೆ, ಹಿಡಿತದಲ್ಲಿರುವಂತೆ ಕಾಣುತ್ತಾನೆ, ಆದರೆ ಅವನ ಬ್ರೇಕ್ ಅತಿ ದುರ್ಬಲವಾಗಿರುವುದು ಆಗಲೇ. ಏರಿನಲ್ಲಿ ಇದು ತಿರುವುಮುರುವು: ವೇಗ ಕಡಿಮೆ, ಅಗಲ ಹೆಚ್ಚು.

## ಸೈಕಲ್ಲಿಗೆ ಕಾಣದ ಕಲ್ಲು

700 ಸಿ ಗಾತ್ರದ ಸೈಕಲ್ ಚಕ್ರದ ಅಡ್ಡಳತೆ 70 ಸೆಂ.ಮೀ. ಆಸುಪಾಸು, ಅದರ ಮೇಲೆ ಗಾಳಿ ತುಂಬಿದ ಟೈರ್. ರೇಸಿನ ಸ್ಕೇಟ್‌ನ ಚಕ್ರವೂ ಅದರ ಸುಮಾರು ಆರನೆಯ ಒಂದು ಭಾಗದಷ್ಟೇ, ಅದೂ ಪಾಲಿಯುರೆಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನದು. ನಿಮಗೆ ಗೊತ್ತೇ ಆಗದೆ ಟೈರಿನಡಿ ಸಿಡಿದುಹೋಗುವ ಜಲ್ಲಿಕಲ್ಲು ಸ್ಕೇಟ್‌ನ ಚಕ್ರವನ್ನು ಹಿಡಿದು ನಿಲ್ಲಿಸಬಲ್ಲದು. ಮರದ ಬೇರಿನಿಂದ ಉಬ್ಬಿದ ಡಾಂಬರು, ಬಿರುಕು, ಮರಳು, ಒದ್ದೆ ಎಲೆ, ಒದ್ದೆಯಾದ ಬಿಳಿ ಗೆರೆ, ಮ್ಯಾನ್‌ಹೋಲ್ ಮುಚ್ಚಳ, ಹಲಗೆ ಸೇತುವೆ ಎಲ್ಲವೂ ಸ್ಕೇಟರ್‌ಗೆ ಲೆಕ್ಕಕ್ಕೆ ಬರುವ ಸಂಗತಿಗಳೇ. ಮಳೆ ಬಂದರೆ ಪಾಲಿಯುರೆಥೇನ್‌ನ ಹಿಡಿತ ಚೆನ್ನಾಗಿಯೇ ಕೈಕೊಡುತ್ತದೆ.

ಆದ್ದರಿಂದ ಸ್ಕೇಟರ್ ಕಾರಣವಿಲ್ಲದೆ ಪಕ್ಕಕ್ಕೆ ಸರಿದಂತೆ ಕಂಡರೆ ಕಾರಣ ನೆಲದಲ್ಲಿದೆ ಎಂದುಕೊಳ್ಳಿ. ದಾಟುವ ಮೊದಲು ಅವನ ಮುಂದಿನ ಇಪ್ಪತ್ತು ಮೀಟರ್ ನೆಲವನ್ನು ನೀವೂ ಒಮ್ಮೆ ಓದಿ. ಅಲ್ಲಿ ಮರಳು ಬಿದ್ದಿದ್ದರೆ ಅದನ್ನು ಕಳೆದ ಮೇಲೆ ದಾಟುವುದು ಲೇಸು.

## ಬೆನ್ನ ಹಿಂದೆ ಅಂಟಿಕೊಳ್ಳುವುದು

ಮುಂದಿರುವವರು ಗಾಳಿಯನ್ನು ಸೀಳಿಕೊಂಡು ಹೋಗುವಾಗ ಅವರ ಬೆನ್ನ ಹಿಂದೆ ಹತ್ತಿರದಲ್ಲಿರುವವರಿಗೆ ಶ್ರಮ ಕಡಿಮೆ. ಇದನ್ನು ಡ್ರಾಫ್ಟಿಂಗ್ ಎನ್ನುತ್ತಾರೆ. ಸೈಕಲ್ ಸವಾರರೂ ಸ್ಕೇಟರ್‌ಗಳೂ ತಂತಮ್ಮ ಗುಂಪಿನಲ್ಲಿ ಇದನ್ನು ಮಾಡುತ್ತಾರೆ. ಸ್ಕೇಟರ್‌ಗಳ ಸಾಲಿನಲ್ಲಿ ಎಲ್ಲರ ಕಾಲೂ ಒಂದೇ ಲಯದಲ್ಲಿ ಬೀಳುತ್ತದೆ; ಮುಂದಿನವನು ನಿಧಾನಿಸಿದರೆ ಹಿಂದಿನವನು ಅವನ ಸೊಂಟಕ್ಕೆ ಕೈಯಿಟ್ಟು ಅಂತರ ಕಾಯುತ್ತಾನೆ. ಗುಂಡಿ ಕಂಡರೆ ಮುಂದಿನವನು ಬೆರಳು ತೋರುತ್ತಾನೆ, ಅದು ಸಾಲಿನ ಕೊನೆಯವರೆಗೆ ದಾಟಿಹೋಗುತ್ತದೆ.

ಇವೆರಡು ಬೆರೆತಾಗ ತೊಂದರೆ. ಸೈಕಲ್ ಸ್ಕೇಟರ್‌ನ ಹಿಂದೆ ಅಂಟಿಕೊಂಡರೆ, ಹಿಂದಕ್ಕೆ ಸುತ್ತಿಬರುವ ಕಾಲು ಸೈಕಲ್ಲಿನ ಮುಂಚಕ್ರಕ್ಕೆ ತಗಲುತ್ತದೆ. ಮುಂಚಕ್ರ ಪಕ್ಕಕ್ಕೆ ಹೊರಳಿದರೆ ಬೀಳುವುದು ಸೈಕಲ್ ಸವಾರನೇ. ಸ್ಕೇಟರ್ ಸೈಕಲ್ಲಿನ ಹಿಂದೆ ಅಂಟಿಕೊಂಡರೆ, ಸೈಕಲ್ ಥಟ್ಟನೆ ಬ್ರೇಕ್ ಹಿಡಿದಾಗ ಅವನಿಗೆ ನಿಲ್ಲಲು ಆಗುವುದಿಲ್ಲ. ಕೈಯಿಟ್ಟು ತಡೆಯಲು ಸೊಂಟವೂ ಸಿಗುವುದಿಲ್ಲ, ಸಿಗುವುದು ತಿರುಗುವ ಚಕ್ರ. ಒಪ್ಪಿಗೆ ಕೇಳಿ, ಇಬ್ಬರೂ ಮಾತಾಡಿಕೊಂಡು, ನಿಲ್ಲುವ ಮೊದಲು ಕೂಗಿ ಹೇಳುವವರ ನಡುವೆ ಮಾತ್ರ ಇದು ನಡೆಯಬಹುದು. ಹೇಳದೆ ಕೇಳದೆ ಅಪರಿಚಿತರ ಹಿಂದೆ ಅಂಟಿಕೊಳ್ಳುವುದನ್ನು ಇಬ್ಬರೂ ಬಿಡಬೇಕು.

## ಕಾನೂನಿನ ಕಣ್ಣಲ್ಲಿ ಯಾರು ಇವನು

ಜರ್ಮನಿಯ ಸಂಚಾರ ನಿಯಮದಲ್ಲಿ ಇನ್‌ಲೈನ್ ಸ್ಕೇಟ್ ವಾಹನವಲ್ಲ. ಸ್ಕೇಟರ್‌ಗೆ ಅನ್ವಯಿಸುವುದು ಪಾದಚಾರಿಗಳ ನಿಯಮ. 25 ಕಿ.ಮೀ. ವೇಗದಲ್ಲಿ ಹೋಗುವವನೂ ಫುಟ್‌ಪಾತ್ ಮೇಲೇ ಇರಬೇಕು, ಅದೂ ನಡೆಯುವವರಿಗೆ ತೊಂದರೆಯಾಗದಂತೆ. ಸೈಕಲ್ ದಾರಿಗೋ ರಸ್ತೆಗೋ ಇಳಿಯಲು ಅಲ್ಲಿ ಸ್ಕೇಟರ್‌ಗಳಿಗೆ ಅನುಮತಿಯಿದೆ ಎಂಬ ಪ್ರತ್ಯೇಕ ಫಲಕ ಬೇಕು. 2009ರ ತಿದ್ದುಪಡಿಯಿಂದ ಈ ಫಲಕ ಬಂತು. ಫ್ರಾನ್ಸ್‌ನಲ್ಲೂ ಸ್ಕೇಟರ್ ಪಾದಚಾರಿಯೇ. ಆದರೆ ಪ್ಯಾರಿಸ್‌ನಲ್ಲಿ ಶುಕ್ರವಾರ ರಾತ್ರಿ ಪೊಲೀಸರ ಬೆಂಗಾವಲಿನಲ್ಲಿ ಸ್ಕೇಟರ್‌ಗಳ ದೊಡ್ಡ ಗುಂಪು ರಸ್ತೆಯಲ್ಲೇ ಸಾಗುವ ರೂಢಿ ಬಹುಕಾಲದಿಂದ ಇದೆ. ನೆದರ್‌ಲ್ಯಾಂಡ್ಸ್ ಸೈಕಲ್ ದಾರಿ, ಕಾಲುದಾರಿ ಎರಡನ್ನೂ ಸ್ಕೇಟರ್‌ಗಳಿಗೆ ತೆರೆದಿಟ್ಟಿದೆ. ನನ್ನ ಮಟ್ಟಿಗೆ ಇದು ಸ್ಕೇಟರ್‌ನ ವೇಗಕ್ಕೆ ಹೆಚ್ಚು ಹೊಂದುವ ಏರ್ಪಾಡು.

ಬರ್ಲಿನ್‌ಗೆ ಓದಲೋ ಕೆಲಸಕ್ಕೋ ಹೋದವರು ಈ ಕೂಡುಬಾಳುವೆಯನ್ನು ನೋಡಬೇಕೆಂದರೆ ಎರಡು ಜಾಗಗಳಿವೆ. ಒಂದು, ಟೆಂಪಲ್‌ಹೋಫ್ ಮೈದಾನ. 2008ರಲ್ಲಿ ಮುಚ್ಚಿದ ವಿಮಾನ ನಿಲ್ದಾಣ ಅದು, 2010ರಿಂದ ಸಾರ್ವಜನಿಕರ ಉದ್ಯಾನ. ವಿಮಾನ ಇಳಿಯುತ್ತಿದ್ದ ರನ್‌ವೇ ಮೇಲೆ ಸೈಕಲ್, ಸ್ಕೇಟ್, ಮಕ್ಕಳು ಎಲ್ಲರೂ ಇರುತ್ತಾರೆ. ಅಗಲ ಬೇಕಾದಷ್ಟಿರುವುದರಿಂದ ಯಾರೂ ಯಾರಿಗೂ ಅಡ್ಡವಲ್ಲ. ಇನ್ನೊಂದು, ನಗರದ ದಕ್ಷಿಣಕ್ಕಿರುವ ಫ್ಲೆಮಿಂಗ್ ಸ್ಕೇಟ್: ಹೊಲ, ಕಾಡುಗಳ ನಡುವೆ ನುಣುಪಾದ ಡಾಂಬರಿನ ಸುಮಾರು 230 ಕಿ.ಮೀ. ದಾರಿಗಳು. ಇವನ್ನು ಮಾಡಿದ್ದೇ ಸ್ಕೇಟರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಅಗಲ 2ರಿಂದ 3 ಮೀಟರ್ ಮಾತ್ರ, ಹಾಗಾಗಿ ಮೇಲೆ ಹೇಳಿದ ಬೆಲ್ಲಿನ ಲೆಕ್ಕ ಇಲ್ಲಿ ಪೂರ್ತಿ ಬೇಕಾಗುತ್ತದೆ.

## ನಮ್ಮ ರಸ್ತೆಗಳಲ್ಲಿ

ಭಾರತದ 1988ರ ಮೋಟಾರು ವಾಹನ ಕಾಯ್ದೆ ಯಾಂತ್ರಿಕ ಶಕ್ತಿಯಿಂದ ಓಡುವ ವಾಹನಗಳಿಗೆ ಸಂಬಂಧಿಸಿದ್ದು. ಅದರ ವ್ಯಾಖ್ಯೆಯಲ್ಲಿ ಸೈಕಲ್ಲೂ ಮೋಟಾರು ವಾಹನವಲ್ಲ, ಸ್ಕೇಟೂ ಅಲ್ಲ. ಇಬ್ಬರೂ ಕಾರು, ಲಾರಿಗಳ ನಡುವೆ ತಮ್ಮ ಜಾಗವನ್ನು ತಾವೇ ನೋಡಿಕೊಳ್ಳಬೇಕಾದವರು. ಬೆಂಗಳೂರು, ಮೈಸೂರು, ಬೆಳಗಾವಿಗಳಲ್ಲಿ ಸ್ಕೇಟಿಂಗ್ ಕಲಿಯುವ ಮಕ್ಕಳಿದ್ದಾರೆ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ 3000 ಮೀಟರ್ ರಿಲೇಯಲ್ಲಿ ಭಾರತದ ಪುರುಷರ ತಂಡಕ್ಕೂ ಮಹಿಳೆಯರ ತಂಡಕ್ಕೂ ಕಂಚು ಬಂತು, ಈಗ ವಿಶ್ವ ಪಟ್ಟವೂ ಬಂದಿದೆ. ರಿಂಕ್‌ನಲ್ಲಿ ಕಲಿತವರು ದೂರದ ಓಟ ಅಭ್ಯಾಸ ಮಾಡಬೇಕೆಂದರೆ ಬೆಳಗಿನ ಜಾವದ ಖಾಲಿ ರಸ್ತೆಗೇ ಬರಬೇಕು. ಸೈಕಲ್ ಸವಾರರು ಆರಿಸಿಕೊಳ್ಳುವುದೂ ಅದೇ ಹೊತ್ತು, ಅದೇ ರಸ್ತೆ.

ಇಲ್ಲಿ ದಾಟುವುದು ಬಲಗಡೆಯಿಂದ. ಮಿಕ್ಕ ಲೆಕ್ಕವೆಲ್ಲ ಅದೇ, ಆದರೆ ಒಂದು ವ್ಯತ್ಯಾಸವಿದೆ. ಇಲ್ಲಿ ಸ್ಕೇಟರ್‌ಗೆ ದಾರಿ ಬಿಡಲು ನೀವು ಬಲಕ್ಕೆ ಸರಿದರೆ ಅಲ್ಲಿ ಹಿಂದಿನಿಂದ ಬರುತ್ತಿರುವುದು ಕಾರು. ಆದ್ದರಿಂದ ಹಿಂದೆ ತಿರುಗಿ ನೋಡಿ ಆಮೇಲೆ ಬೆಲ್ ಹೊಡೆಯಿರಿ, ಜಾಗವಿಲ್ಲದಿದ್ದರೆ ಸ್ಕೇಟರ್‌ನ ಹಿಂದೆಯೇ ಎರಡು ಸೈಕಲ್ ಉದ್ದದ ಅಂತರದಲ್ಲಿ ಉಳಿಯಿರಿ. ಮಕ್ಕಳ ಸಾಲು ಸಿಕ್ಕರೆ ಕೋಚ್ ಸಾಮಾನ್ಯವಾಗಿ ಸಾಲಿನ ಹಿಂದೆ ಬೈಕಿನಲ್ಲೋ ಸ್ಕೇಟ್ ಮೇಲೋ ಇರುತ್ತಾರೆ. ಮೊದಲು ಅವರ ಪಕ್ಕಕ್ಕೆ ಹೋಗಿ, ‘ಸರ್, ಮುಂದೆ ಹೋಗ್ಲಾ?’ ಎಂದು ಕೇಳಿ. ಅವರು ಸೀಟಿ ಊದಿ ಮಕ್ಕಳನ್ನು ಎಡಕ್ಕೆ ಸರಿಸಿ ಕೈ ಬೀಸಿದ ಮೇಲೆ, ಇಡೀ ಸಾಲನ್ನು ಒಂದೇ ಸಲಕ್ಕೆ ದಾಟಿ; ನಡುವೆ ನುಗ್ಗಿ ಸಾಲು ಒಡೆಯಬೇಡಿ.